ನೈಟ್ರಸ್ಸಿಗೆ ಮೊದಲು ಪೆಟ್ರೋಲ್

ಪ್ರಶ್ನೆ: ನಮ್ಮೂರು ಬಳ್ಳಾರಿ. ಈಗ ಇರುವುದು ಅಮೆರಿಕದ ಡಲ್ಲಾಸ್ ಹತ್ತಿರ. ನನ್ನ ಬಳಿ 2.3 ಲೀಟರ್ ಟರ್ಬೊ ಎಂಜಿನ್ನಿನ ಮಸ್ಟಾಂಗ್ ಇಕೋಬೂಸ್ಟ್ ಇದೆ. ಎನ್ನಿಸ್‌ನ ಟೆಕ್ಸಸ್ ಮೋಟಾರ್‌ಪ್ಲೆಕ್ಸ್‌ನಲ್ಲಿ ಓಡಿಸಲು 50 ಅಶ್ವಶಕ್ತಿಯ ನೈಟ್ರಸ್ ಕಿಟ್ ಹಾಕಬೇಕೆಂದಿದ್ದೇನೆ. ಟರ್ಬೊ ಕಾರಿಗೆ ನೈಟ್ರಸ್ ಹಾಕಿದರೆ ಎಂಜಿನ್ ಹೋಗಿಯೇ ಹೋಗುತ್ತದೆ ಎನ್ನುತ್ತಾರೆ ಕೆಲವರು. ಇದಕ್ಕಿಂತ ಒಳ್ಳೆಯ ಜೋಡಿಯೇ ಇಲ್ಲ ಎನ್ನುತ್ತಾರೆ ಇನ್ನು ಕೆಲವರು. ಯಾರ ಮಾತು ಕೇಳಲಿ? ರಜೆಗೆ ಊರಿಗೆ ಬಂದಾಗ ತಮ್ಮನ ಟರ್ಬೊ ಕಾರಿಗೂ ಒಂದು ಹಾಕಿಕೊಡಬಹುದೇ?

ಉತ್ತರ: ಎರಡೂ ಗುಂಪಿನವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಬೂಸ್ಟ್ (ಒತ್ತಿ ತುಂಬಿದ ಗಾಳಿ) ಮತ್ತು ನೈಟ್ರಸ್ಸಿನ ಜೋಡಿ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆ ಸೂಪರ್‌ಚಾರ್ಜರ್ ಇದ್ದ ಎಂಜಿನ್ನುಗಳಿಗೇ ಜಿಎಂ-1 ಎಂಬ ಹೆಸರಿನಲ್ಲಿ ಇದೇ ಅನಿಲವನ್ನು ಊಡಿಸುತ್ತಿತ್ತು. ತೆಳು ಗಾಳಿಯ ಎತ್ತರದಲ್ಲಿ ಉಸಿರುಗಟ್ಟುವ ಎಂಜಿನ್ನಿಗೆ ಅದೊಂದು ಆಸರೆ. ಹಾಗಾಗಿ ಜೋಡಿಯಲ್ಲಿ ದೋಷವಿಲ್ಲ. ಎಂಜಿನ್ ಕಳೆದುಕೊಂಡವರ ಕಥೆಗಳಲ್ಲಿ ಹೆಚ್ಚಿನವು ಪೆಟ್ರೋಲ್ ಸಾಲದೆ ಹೋದ ಕಥೆಗಳು. ಅದನ್ನೇ ನಿಧಾನವಾಗಿ ಹೇಳುತ್ತೇನೆ.

ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ಇಂಧನವಲ್ಲ. ಅದು ಒಲೆಯ ಮುಂದಿನ ಊದುಗೊಳವೆ ಇದ್ದಂತೆ. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ಸುಮಾರು ಶೇ. 23. ನೈಟ್ರಸ್ಸಿನಲ್ಲಿ ಅದು ಶೇ. 36. ಸಿಲಿಂಡರಿನ ಬಿಸಿಗೆ ಅಣು ಒಡೆದಾಗ ಈ ಆಮ್ಲಜನಕ ಬಿಡುಗಡೆಯಾಗುತ್ತದೆ, ಒಡೆಯುವಾಗಲೇ ಒಂದಿಷ್ಟು ಶಾಖವನ್ನೂ ಕೊಡುತ್ತದೆ. ಅದಕ್ಕೆ ತಕ್ಕ ಪೆಟ್ರೋಲ್ ಸಿಕ್ಕರೆ ಶಕ್ತಿ. ಸಿಗದಿದ್ದರೆ? ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ಕಟಿಂಗ್ ನೋಡಿರುತ್ತೀರಿ. ಬರೀ ಜ್ವಾಲೆಗೆ ಕೆಂಪಾಗುತ್ತಿದ್ದ ಉಕ್ಕಿನ ತಗಡು, ಆಮ್ಲಜನಕದ ಲಿವರ್ ಒತ್ತಿದ ಕೂಡಲೇ ಸೀಳಿಹೋಗುತ್ತದೆ. ಸಿಲಿಂಡರಿನೊಳಗೂ ಹೆಚ್ಚೂಕಡಿಮೆ ಅದೇ ನಡೆಯುತ್ತದೆ. ಉರಿಯುವ ಅನಿಲದ ಬಿಸಿ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪಿಸ್ಟನ್ನಿನ ಅಲ್ಯೂಮಿನಿಯಂ 660 ಡಿಗ್ರಿಯೊಳಗೇ ಕರಗುತ್ತದೆ. ಆದರೂ ಅದು ದಿನವೂ ಬದುಕಿರುವುದು, ಮೇಲ್ಮೈಗೆ ಅಂಟಿಕೊಂಡಿರುವ ಅನಿಲದ ತೆಳು ಪದರ ಬಿಸಿಯನ್ನು ತಡೆಯುವುದರಿಂದ ಮತ್ತು ಕೆಳಗಿನಿಂದ ಎಂಜಿನ್ ಆಯಿಲ್ ತಂಪು ಮಾಡುವುದರಿಂದ. ಪೆಟ್ರೋಲ್ ಸಾಲದೆ ನಾಕಿಂಗ್, ಅಂದರೆ ಮಿಶ್ರಣ ತಾನಾಗಿ ಸಿಡಿಯುವುದು, ಶುರುವಾದರೆ ಆ ಪದರ ಹರಿದುಹೋಗುತ್ತದೆ. ನನ್ನ ಮೇಜಿನ ಮೇಲೆ ಹಾಗೆ ಸತ್ತ ಒಂದು ಪಿಸ್ಟನ್ ಇದೆ. ಅಂಚು ಇಲಿ ಕಡಿದ ರೊಟ್ಟಿಯಂತಿದೆ. ಎಂಜಿನ್ ಬಿಚ್ಚಿಸಿಕೊಂಡ ಹುಡುಗ ಬೊಗಸೆಯಲ್ಲಿ ಅದನ್ನು ಹಿಡಿದು ನಿಂತದ್ದು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಟರ್ಬೊ ಕಾರಿನ ವಿಶೇಷ ತೊಡಕು. ನಿಮ್ಮ ಎಂಜಿನ್ ಡೈರೆಕ್ಟ್ ಇಂಜೆಕ್ಷನ್ನಿನದು. ಇಂಜೆಕ್ಟರಿಗೆ ಹೋಗುವ ಪೆಟ್ರೋಲಿನ ಒತ್ತಡ ಬಹಳ ಹೆಚ್ಚು, ಅಲ್ಲಿಂದ ಕಿಟ್ಟಿಗೆ ಕವಲು ತೆಗೆಯುವ ಮಾತೇ ಇಲ್ಲ. ವೆಟ್ ಕಿಟ್, ಅಂದರೆ ನೈಟ್ರಸ್ ಜೊತೆ ಪೆಟ್ರೋಲನ್ನೂ ನಾಜಲ್‌ನಿಂದ ಚಿಮ್ಮಿಸುವ ಕಿಟ್, ಟ್ಯಾಂಕ್ ಕಡೆಯ ಕಡಿಮೆ ಒತ್ತಡದ ಪೈಪಿನಿಂದಲೇ ಪೆಟ್ರೋಲ್ ತೆಗೆದುಕೊಳ್ಳಬೇಕು. ಆ ಒತ್ತಡ 60 ಪಿಎಸ್‌ಐ ಎಂದಿಟ್ಟುಕೊಳ್ಳಿ. ನಾಜಲ್ ಕುಳಿತಿರುವ ಕೊಳವೆಯಲ್ಲಿ ಬೂಸ್ಟ್ 20 ಪಿಎಸ್‌ಐ ಇದ್ದರೆ, ಪೆಟ್ರೋಲನ್ನು ತಳ್ಳಲು ಉಳಿಯುವುದು ಬರೀ 40. ಹರಿವು ಒತ್ತಡದ ವ್ಯತ್ಯಾಸದ ವರ್ಗಮೂಲದಂತೆ ಬದಲಾಗುತ್ತದೆ. ಲೆಕ್ಕ ಹಾಕಿದರೆ ಪೆಟ್ರೋಲ್ ಶೇ. 18ರಷ್ಟು ಕಡಿಮೆ. ನೈಟ್ರಸ್ಸಿನ ಬಾಟಲಿಯಲ್ಲೋ 950 ಪಿಎಸ್‌ಐ. ಎದುರಿಗೆ 20 ನಿಂತರೆ ಅದಕ್ಕೆ ಲೆಕ್ಕವೇ ಇಲ್ಲ, ಶೇ. 1 ಇಳಿದರೆ ಹೆಚ್ಚು. ಬೂಸ್ಟ್ ಏರಿದಂತೆಲ್ಲ ಊದುವುದು ಹಾಗೇ ಇರುತ್ತದೆ, ಸೌದೆ ಕಡಿಮೆಯಾಗುತ್ತದೆ. ಟರ್ಬೊ ಇಲ್ಲದ ಕಾರಿಗೆಂದು ಬರೆದ ಜೆಟ್ ಪಟ್ಟಿಯನ್ನು, ಅಂದರೆ ಎಷ್ಟು ಶಕ್ತಿಗೆ ಯಾವ ಅಳತೆಯ ರಂಧ್ರ ಎಂಬ ಪಟ್ಟಿಯನ್ನು, ಹಾಗೇ ನಂಬಿದವರು ಮುಗ್ಗರಿಸಿದ್ದು ಇಲ್ಲೇ.

ಇನ್ನೊಂದು ಸೂಕ್ಷ್ಮವಿದೆ. ಕಿಟ್ ಜೊತೆ ಫ್ಯುಯೆಲ್ ಪ್ರೆಶರ್ ಸೇಫ್ಟಿ ಸ್ವಿಚ್ ಕೊಡುತ್ತಾರೆ, ಪೆಟ್ರೋಲ್ ಒತ್ತಡ ಇಳಿದರೆ ನೈಟ್ರಸ್ ನಿಲ್ಲಿಸುವುದು ಅದರ ಕೆಲಸ. ಮೇಲಿನ ಉದಾಹರಣೆಯಲ್ಲಿ ಪೈಪಿನೊಳಗಿನ ಒತ್ತಡ 60ರಲ್ಲೇ ಇದೆ. ಸ್ವಿಚ್ಚಿನ ಕಣ್ಣಿಗೆ ಎಲ್ಲವೂ ಸರಿ. ಹೀಗಾಗಿ ಸ್ವಿಚ್ ಇದೆ ಎಂಬ ಧೈರ್ಯ ಸಾಲದು. ಬೂಸ್ಟ್ ಒಂದು ಪಿಎಸ್‌ಐ ಏರಿದರೆ ಪೆಟ್ರೋಲ್ ಒತ್ತಡವನ್ನೂ ಒಂದು ಪಿಎಸ್‌ಐ ಏರಿಸುವ, ಮ್ಯಾನಿಫೋಲ್ಡಿನಿಂದ ಸಣ್ಣ ಪೈಪ್ ಎಳೆದುಕೊಂಡ ರೆಗ್ಯುಲೇಟರ್ ಬೇಕು. ನಾನಾದರೆ ಕಿಟ್ಟಿಗೇ ಮೀಸಲಾದ ಪಂಪು ಮತ್ತು ಇಂಥ ರೆಗ್ಯುಲೇಟರ್ ಇಡುತ್ತೇನೆ. 50 ಅಶ್ವಶಕ್ತಿಗೆ ಗಂಟೆಗೆ ಸುಮಾರು 11 ಕಿಲೋ ಲೆಕ್ಕದಲ್ಲಿ ಹೆಚ್ಚಿನ ಪೆಟ್ರೋಲ್ ಬೇಕು. ಕಾರಿನ ಪಂಪಿಗೆ ಆ ಮಿಗತೆ ಇದೆಯೋ ಇಲ್ಲವೋ ಎಂಬುದನ್ನು ಅಳೆದೇ ತಿಳಿಯಬೇಕು. ಪಂಪು, ರೆಗ್ಯುಲೇಟರಿನ ಖರ್ಚು ಹೆಚ್ಚಾಯಿತು ಅನಿಸಿದರೆ ದಯವಿಟ್ಟು ಕಿಟ್ಟನ್ನೇ ಕೊಳ್ಳಬೇಡಿ.

ನಾಜಲ್ ಎಲ್ಲಿ ಕೂರಬೇಕು? ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲ್ಲಿಗೆ ಹತ್ತಿರ. ಇಂಟರ್‌ಕೂಲರಿಗೆ ಮೊದಲು ಪೆಟ್ರೋಲ್ ಚಿಮ್ಮಿಸಿದರೆ ಅದು ಅಲ್ಲಿ ಮಡುಗಟ್ಟುತ್ತದೆ, ಹೊತ್ತಿಕೊಳ್ಳಲು ಒಂದು ಬ್ಯಾಕ್‌ಫೈರ್ ಸಾಕು. ಗಾಳಿಯ ಬಿಸಿ ಅಳೆಯುವ ಸೆನ್ಸರ್‌ಗಳು ಎಲ್ಲೆಲ್ಲಿವೆ ಎಂಬುದನ್ನೂ ನೋಡಿಕೊಳ್ಳಿ. ದ್ರವ ನೈಟ್ರಸ್ ಕುದಿಯುವುದೇ ಮೈನಸ್ 88 ಡಿಗ್ರಿಯಲ್ಲಿ. ಆ ಚಳಿ ಸೆನ್ಸರಿಗೆ ತಗುಲಿದರೆ, ಗಾಳಿ ತಂಪಾಗಿದೆ ಎಂದು ಎಂಜಿನ್ ಕಂಪ್ಯೂಟರ್ ಇಗ್ನಿಷನ್ ಟೈಮಿಂಗ್ ಮುಂದಕ್ಕೆ ತರಬಹುದು. ನಮಗೆ ಬೇಕಾದದ್ದು ಇದರ ತದ್ವಿರುದ್ಧ. 50 ಅಶ್ವಶಕ್ತಿಗೆ ಒಂದೆರಡು ಡಿಗ್ರಿ ಹಿಂದಕ್ಕೆ ಎಂಬುದು ರೂಢಿಯ ಲೆಕ್ಕ. ನೈಟ್ರಸ್ಸಿಗೆಂದೇ ಬೇರೆ ಟ್ಯೂನ್ ಬರೆಸಬೇಕು. ಸ್ಪಾರ್ಕ್ ಪ್ಲಗ್ ಒಂದು ಮೆಟ್ಟಿಲು ತಂಪಿನದು, ಗ್ಯಾಪ್ ಕೊಂಚ ಕಿರಿದು.

ಕಡಿಮೆ ಆರ್‌ಪಿಎಂನಲ್ಲಿ ನೈಟ್ರಸ್ ಬಿಟ್ಟು ಟರ್ಬೊವನ್ನು ಬೇಗ ಎಬ್ಬಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾಜಲ್ ಸೆಕೆಂಡಿಗೆ ಸುರಿಯುವ ಪ್ರಮಾಣ ಒಂದೇ. ಆದ್ದರಿಂದ ಎಂಜಿನ್ ನಿಧಾನ ತಿರುಗುವಾಗ ಪ್ರತಿ ಹೊಡೆತಕ್ಕೆ ಬೀಳುವ ಪಾಲು ದೊಡ್ಡದು. 5,000 ಆರ್‌ಪಿಎಂನಲ್ಲಿ 50 ಅಶ್ವಶಕ್ತಿ ಎಂದರೆ ಸುಮಾರು 71 ನ್ಯೂಟನ್ ಮೀಟರ್ ಹೆಚ್ಚುವರಿ ಟಾರ್ಕ್. 2,500ರಲ್ಲಿ ಅದೇ 50 ಎಂದರೆ 142. ಕನೆಕ್ಟಿಂಗ್ ರಾಡ್ ಬಾಗಿಸುವುದು ಟಾರ್ಕ್, ಅಶ್ವಶಕ್ತಿಯಲ್ಲ. ದೊಡ್ಡ ಟರ್ಬೊ ಕೂರಿಸಿಕೊಂಡು ಬೂಸ್ಟಿಗಾಗಿ ಕಾಯುವ ಕಾರುಗಳಿಗೆ ಈ ಉಪಾಯಕ್ಕೊಂದು ಅರ್ಥವಿದೆ. ಕಂಪನಿಯಿಂದ ಬಂದ ನಿಮ್ಮ ಟ್ವಿನ್ ಸ್ಕ್ರೋಲ್ ಟರ್ಬೊ ತಾನೇ ಬೇಗ ಏಳುತ್ತದೆ. 3,500ರ ಕೆಳಗೆ ನೈಟ್ರಸ್ ಮುಟ್ಟಬೇಡಿ. ಮೇಲಿನ ತುದಿಯಲ್ಲೂ ರೆವ್ ಲಿಮಿಟರಿಗೆ ಕೆಲವು ನೂರು ಆರ್‌ಪಿಎಂ ಮೊದಲೇ ನಿಲ್ಲಬೇಕು, ಏಕೆಂದರೆ ಲಿಮಿಟರ್ ಇಂಜೆಕ್ಟರಿನ ಪೆಟ್ರೋಲ್ ಕಡಿದ ಕ್ಷಣವೂ ನೈಟ್ರಸ್ ಒಳಗೆ ಹೋಗುತ್ತಲೇ ಇರುತ್ತದೆ, ಪೆಟ್ರೋಲ್ ಸಾಲದಾಗುತ್ತದೆ. ಈ ಎರಡೂ ಮಿತಿಗಳನ್ನು ವಿಂಡೋ ಸ್ವಿಚ್ ನೋಡಿಕೊಳ್ಳುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಚಾಲೂ ಆಗುವ ಇನ್ನೊಂದು ಸ್ವಿಚ್, ಕೈಯಳತೆಯಲ್ಲಿ ಮುಖ್ಯ ಸ್ವಿಚ್, ರಿಲೇ, ಫ್ಯೂಸ್, ಇಷ್ಟು ವೈರಿಂಗ್. ಬೂಸ್ಟ್ ಅಳತೆ ಮೀರಿದರೆ ಎಲ್ಲವನ್ನೂ ನಿಲ್ಲಿಸುವ ವ್ಯವಸ್ಥೆಯೂ ಇರಲಿ. ನೈಟ್ರಸ್ ಎಕ್ಸಾಸ್ಟನ್ನು ಹೆಚ್ಚಿಸುತ್ತದೆ, ಚಿಕ್ಕ ವೇಸ್ಟ್‌ಗೇಟಿಗೆ ಅಷ್ಟನ್ನು ಹೊರಬಿಡಲು ಆಗದಿದ್ದರೆ ಬೂಸ್ಟ್ ತಾನಾಗಿ ತೆವಳುತ್ತಾ ಮೇಲೇರುತ್ತದೆ.

ಇನ್ನು ಬಾಟಲಿ. ಬಳ್ಳಾರಿಯವರಿಗೂ ಟೆಕ್ಸಸ್‌ನವರಿಗೂ ಇದನ್ನು ಒತ್ತಿ ಹೇಳಬೇಕು. ನೈಟ್ರಸ್ ಬಾಟಲಿಯೊಳಗೆ ದ್ರವವಾಗಿ ಇರುತ್ತದೆ. 20 ಡಿಗ್ರಿಯಲ್ಲಿ ಒತ್ತಡ 735 ಪಿಎಸ್‌ಐ ಆಸುಪಾಸು, 30ರಲ್ಲಿ 915. ಕಿಟ್‌ಗಳು ಬಯಸುವುದು 900ರಿಂದ 950. 36.4 ಡಿಗ್ರಿ ದಾಟಿದರೆ ಎಷ್ಟೇ ಒತ್ತಿದರೂ ಅದು ದ್ರವವಾಗಿ ಉಳಿಯುವುದಿಲ್ಲ, ಅಲ್ಲಿಂದಾಚೆ ತುಂಬಿದ ಬಾಟಲಿಯಲ್ಲಿ ಒತ್ತಡ ಕಡಿದಾಗಿ ಏರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಗೆ 36 ಯಾವ ಲೆಕ್ಕ? ಅದಕ್ಕೇ ಬಾಟಲಿಯನ್ನು ತೂಕ ಮಾಡಿಯೇ ತುಂಬಿಸಬೇಕು, ಬರೆದ ತೂಕಕ್ಕಿಂತ ಒಂದು ಚೂರೂ ಹೆಚ್ಚಬಾರದು. ಒತ್ತಡ ಮಿತಿಮೀರಿದರೆ ಒಡೆಯುವ ಸುರಕ್ಷಾ ಬಿಲ್ಲೆಯಿಂದ ಕಾರಿನ ಹೊರಕ್ಕೆ ಪೈಪ್ ಇರಬೇಕು. ಇಲ್ಲದಿದ್ದರೆ ಆ ಅನಿಲವೆಲ್ಲ ನೀವು ಕುಳಿತಲ್ಲೇ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಹೊರದೂಡುತ್ತದೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮಗಳೂ ಇದನ್ನೇ ಕೇಳುತ್ತವೆ. ಜೊತೆಗೆ ಬಾಟಲಿ ಗಟ್ಟಿಯಾಗಿ ಬಿಗಿದಿರಬೇಕು, ಹೋಸ್ ಕ್ಲಾಂಪು, ಪ್ಲಾಸ್ಟಿಕ್ ಟೈ ನಡೆಯುವುದಿಲ್ಲ. ಬಿಸಿ ಮಾಡಲು ತಾನಾಗಿ ಆಫ್ ಆಗುವ ಹೊದಿಕೆ ಹೀಟರ್ ಮಾತ್ರ. ಬಾಟಲಿಗೆ ಬೆಂಕಿ, ಗ್ಯಾಸ್ ಟಾರ್ಚ್ ಹಿಡಿದವರು ಸ್ನೇಹಿತರೇ ಆದರೂ ಅವರ ಪಕ್ಕದಿಂದ ಎದ್ದು ಬನ್ನಿ.

ವಾಲ್ವ್ ಮತ್ತು ಫಿಟ್ಟಿಂಗ್‌ಗಳಿಗೆ ಎಣ್ಣೆ, ಗ್ರೀಸ್ ಸೋಕಬಾರದು. ವಾಲ್ವನ್ನು ನಿಧಾನ ತಿರುಗಿಸಿ. ಓಟ ಮುಗಿದ ಕೂಡಲೇ ಮುಚ್ಚಿ. ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ವಾಲ್ವ್) ಸೋರಿ ರಾತ್ರಿಯೆಲ್ಲ ಮ್ಯಾನಿಫೋಲ್ಡಿನಲ್ಲಿ ತುಂಬಿಕೊಂಡ ನೈಟ್ರಸ್, ಬೆಳಿಗ್ಗೆ ಚಾವಿ ತಿರುಗಿಸಿದಾಗ ಮ್ಯಾನಿಫೋಲ್ಡನ್ನೇ ಹೋಳು ಮಾಡಬಲ್ಲದು. ಮೊದಲ ಪರೀಕ್ಷೆಯೂ ಬಾಟಲಿ ಮುಚ್ಚಿಯೇ. ಎಂಜಿನ್ ಐಡಲ್‌ನಲ್ಲಿರುವಾಗ ಪೆಟ್ರೋಲ್ ಸೊಲೆನಾಯ್ಡಿಗೆ ಮಾತ್ರ ಕ್ಷಣಕಾಲ ಕರೆಂಟ್ ಕೊಡಿ. ಎಂಜಿನ್ ಮುಗ್ಗರಿಸಿ ಉಸಿರುಕಟ್ಟಿದರೆ ಪೆಟ್ರೋಲ್ ಬರುತ್ತಿದೆ ಎಂದರ್ಥ. ಏನೂ ಬದಲಾಗದಿದ್ದರೆ ಅಂದು ಬಾಟಲಿ ತೆರೆಯಬೇಡಿ. ನಂತರ ಡೈನೋ ಮೇಲೆ ಕಿಟ್ಟಿನ ಅತಿ ಚಿಕ್ಕ ಜೆಟ್ಟಿನಿಂದ ಶುರು ಮಾಡಿ. ನಾಜಲ್ಲಿಗೆ ಹೋಗುವ ಮತ್ತು ಇಂಜೆಕ್ಟರಿಗೆ ಹೋಗುವ ಎರಡೂ ಪೆಟ್ರೋಲ್ ಒತ್ತಡಗಳು, ಬೂಸ್ಟ್, ವೈಡ್‌ಬ್ಯಾಂಡ್ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ), ನಾಕ್ ಇಷ್ಟನ್ನೂ ಲಾಗ್ ಮಾಡಿ. ಲ್ಯಾಂಬ್ಡಾ 0.80ರ ಹತ್ತಿರ ನಿಲ್ಲಲಿ. ಒಂದೇ ಒಂದು ನಾಕ್ ಕಂಡರೂ ಆ ದಿನದ ಕೆಲಸ ಮುಗಿಯಿತು. 10 ಪೌಂಡಿನ ಬಾಟಲಿ 50 ಅಶ್ವಶಕ್ತಿಗೆ ಸುಮಾರು ಮೂರು ನಿಮಿಷ ಬರುತ್ತದೆ. ಅವಸರಪಟ್ಟು ಖಾಲಿ ಮಾಡುವಂಥದ್ದೇನೂ ಅಲ್ಲ.

ತಮ್ಮನ ಕಾರಿನ ವಿಷಯಕ್ಕೆ ನನ್ನ ಉತ್ತರ, ಬೇಡ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ರೂಪಕ್ಕಿಂತ ಭಿನ್ನವಾಗಿ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಬಾಟಲಿಯ ಆಮದು ಮತ್ತು ತುಂಬಿಸುವಿಕೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಅಡಿ ಬರುತ್ತದೆ, ವಿಮಾನದ ಲಗೇಜಿನಲ್ಲಂತೂ ತರುವ ಹಾಗೇ ಇಲ್ಲ. ಅಪಘಾತವಾದರೆ ವಿಮೆಯವರೂ ಇದನ್ನೇ ಎತ್ತಿ ತೋರಿಸಬಹುದು. ದಿನವೂ ಮನೆಮಂದಿ ಕೂರುವ ಕಾರು, ಮೇ ತಿಂಗಳ ಬಳ್ಳಾರಿಯ ಬಿಸಿಲು, ಡಿಕ್ಕಿಯಲ್ಲಿ ತುಂಬಿದ ಬಾಟಲಿ. ಇಷ್ಟನ್ನು ಒಟ್ಟಿಗೆ ಊಹಿಸಿಕೊಳ್ಳಲೂ ನನಗೆ ಮನಸ್ಸಿಲ್ಲ. ತಮ್ಮನಿಗೆ ವೇಗ ನೋಡುವ ಆಸೆ ಇದ್ದರೆ ಟೆಕ್ಸಸ್‌ಗೆ ಕರೆಸಿಕೊಂಡು ನಿಮ್ಮ ಓಟ ತೋರಿಸಿ.