ನನ್ನ ಟಿಎಸ್‌ಎಚ್, ಮಗುವಿನ ಟಿಎಸ್‌ಎಚ್

ಬಸುರಾಗಿ ಎರಡು ತಿಂಗಳಾದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, 4.8 ಬಂತು. ಲ್ಯಾಬಿನ ಲೆಕ್ಕದಲ್ಲಿ 5.5ರವರೆಗೆ ನಾರ್ಮಲ್, ಹಾಗಾಗಿ ರಿಪೋರ್ಟಿನಲ್ಲಿ ಆ ಅಂಕಿಯ ಪಕ್ಕ ಯಾವ ಗುರುತೂ ಇರಲಿಲ್ಲ. ಡಾಕ್ಟರಮ್ಮ ಮಾತ್ರ ಪೆನ್ನಿನಲ್ಲಿ ಅದಕ್ಕೊಂದು ಸುತ್ತು ಹಾಕಿದರು. ಥೈರಾಯ್ಡ್ ಹಾರ್ಮೋನಾದ ಟಿ4 ಸರಿಯಾಗಿಯೇ ಇತ್ತು. ಆದರೆ ಆ್ಯಂಟಿ-ಟಿಪಿಒ ಎಂಬ ಆ್ಯಂಟಿಬಾಡಿ ಪಾಸಿಟಿವ್ ಬಂದಿದ್ದರಿಂದ 25 ಮೈಕ್ರೊಗ್ರಾಂ ಥೈರಾಯ್ಡ್ ಮಾತ್ರೆ ಶುರುವಾಯಿತು.

ಬಸುರಿನ ಮೊದಲ ತಿಂಗಳುಗಳಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಥೈರಾಯ್ಡ್ ಗ್ರಂಥಿಯನ್ನು ತಾನೇ ಚುರುಕುಗೊಳಿಸುತ್ತದೆ. ಆಗ ಟಿಎಸ್‌ಎಚ್ ಇಳಿಯಬೇಕು. ಇಳಿಯಬೇಕಾದ ಹೊತ್ತಿನಲ್ಲಿ ಮೇಲೆಯೇ ನಿಂತರೆ ಗ್ರಂಥಿಗೆ ಕೆಲಸ ಭಾರವಾಗಿದೆ ಎಂದರ್ಥ. ಹೊಟ್ಟೆಯಲ್ಲಿರುವ ಮಗುವಿನ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸುವುದು ಐದನೇ ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ಅದರ ಮೆದುಳಿಗೆ ತಾಯಿಯದೇ ಆಸರೆ. ಗೆರೆ ಎಲ್ಲಿ ಎಳೆಯಬೇಕು ಎನ್ನುವುದರಲ್ಲಿ ವೈದ್ಯರ ಮಾತೂ ಬದಲಾಗಿದೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2011ರಲ್ಲಿ ಮೊದಲ ಮೂರು ತಿಂಗಳಿಗೆ 2.5 ಎಂದಿತ್ತು. 2017ರಲ್ಲಿ ಅದನ್ನು ಸುಮಾರು 4ಕ್ಕೆ ಏರಿಸಿ, ಆ್ಯಂಟಿಬಾಡಿ ಇದೆಯೋ ಇಲ್ಲವೋ ನೋಡಿ ತೀರ್ಮಾನಿಸಿ ಎಂದಿತು.

ಮನೆಯಲ್ಲಿ ಇದೆಲ್ಲ ಯಾರಿಗೆ ಬೇಕು? ನಾದಿನಿ ಮೊಬೈಲ್ ನೋಡಿಕೊಂಡು, "ಅತ್ತಿಗೆ, ಮಗು ಬುದ್ಧಿಯಲ್ಲಿ ಹಿಂದೆ ಬೀಳುತ್ತಂತೆ" ಎಂದುಬಿಟ್ಟಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ತಿಳಿದದ್ದು ಇಷ್ಟು: 1999ರ ಅಮೆರಿಕದ ಅಧ್ಯಯನದಲ್ಲಿ ಮಕ್ಕಳ ಐಕ್ಯೂ ಸರಾಸರಿ ಏಳು ಅಂಕ ಕಡಿಮೆ ಕಂಡಿದ್ದು ನಿಜ, ಆದರೆ ಆ ತಾಯಂದಿರ ಟಿಎಸ್‌ಎಚ್ ನನ್ನದಕ್ಕಿಂತ ಬಹಳ ಮೇಲಿತ್ತು, ಚಿಕಿತ್ಸೆಯೂ ಆಗಿರಲಿಲ್ಲ. ಬ್ರಿಟನ್ ಮತ್ತು ಇಟಲಿಯಲ್ಲಿ ಸುಮಾರು 22,000 ಗರ್ಭಿಣಿಯರ ರಕ್ತ ಪರೀಕ್ಷಿಸಿ ನಡೆಸಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು, ಅಮೆರಿಕದ್ದು 2017ರಲ್ಲಿ. ಸೌಮ್ಯ ತೊಂದರೆಗೆ ಮಾತ್ರೆ ಕೊಟ್ಟವರ ಮಕ್ಕಳಿಗೂ ಕೊಡದವರ ಮಕ್ಕಳಿಗೂ ಐಕ್ಯೂನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡರಲ್ಲೂ ಮಾತ್ರೆ ಶುರುವಾದದ್ದು ಮೂರು ತಿಂಗಳ ಆಸುಪಾಸಿನಲ್ಲಿ ಅಥವಾ ಅದೂ ದಾಟಿ, ಅಷ್ಟರಲ್ಲಿ ತಡವಾಗಿತ್ತು ಎಂಬ ಆಕ್ಷೇಪ ಈಗಲೂ ಇದೆ. ಮಾತ್ರೆ ನುಂಗುವುದಕ್ಕೆ ನನಗೆ ಇಷ್ಟು ಕಾರಣ ಸಾಕಾಯಿತು, ಹೆದರುವುದಕ್ಕೆ ಸಾಲಲಿಲ್ಲ.

ನಿಜವಾದ ಕಷ್ಟ ಇದ್ದದ್ದು ಹೊತ್ತು ಹೊಂದಿಸುವುದರಲ್ಲಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ ನುಂಗಬೇಕು. ಕಾಫಿ, ತಿಂಡಿ ಏನಿದ್ದರೂ ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಇದರಿಂದ ನಾಲ್ಕು ಗಂಟೆ ದೂರವಿರಬೇಕು, ಅವೆರಡೂ ಒಟ್ಟಿಗೆ ಬೇಡ. ಇತ್ತ ಅತ್ತೆಯವರದು ಒಂದೇ ಪಾಠ, ಬಸುರಿ ಹೆಂಗಸು ಎದ್ದ ಕೂಡಲೇ ಬಾಯಿಗೆ ಏನಾದರೂ ಹಾಕಬೇಕು. ಬೆಳಗಾಗುವುದರೊಳಗೆ ಬಿಸಿ ಹಾಲಿನ ಲೋಟ ಹಿಡಿದು ನಿಲ್ಲುವರು. ಅದರ ಮೇಲೆ ನನ್ನ ವಾಂತಿ, ನೀರಿನ ಜೊತೆ ಮಾತ್ರೆಯೂ ಬಚ್ಚಲಿಗೆ. ನಾಲ್ಕು ವಾರದ ಪರೀಕ್ಷೆಯಲ್ಲಿ ಟಿಎಸ್‌ಎಚ್ ಕದಲಲೇ ಇಲ್ಲ. ಡಾಕ್ಟರಮ್ಮ ಮಾತ್ರೆಯನ್ನು 50ಕ್ಕೆ ಏರಿಸಿ, ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ನುಂಗಲು ಹೇಳಿದರು. ನನ್ನಿಂದಾಗಿ ಇಡೀ ಮನೆಗೆ ಏಳು ಗಂಟೆಗೇ ಊಟ. ಮಾವನವರು ಗೊಣಗಿದರು, ಅತ್ತೆ ಹಾಲಿನ ಲೋಟ ಗೆದ್ದ ಖುಷಿಯಲ್ಲಿದ್ದರು. ಕ್ಯಾಲ್ಸಿಯಂ ಬೆಳಗಿನ ತಿಂಡಿಗೆ ಹೋಯಿತು, ಕಬ್ಬಿಣ ಮಧ್ಯಾಹ್ನಕ್ಕೆ. ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ 2.3.

ಎಲೆಕೋಸು ಮುಟ್ಟಬೇಡ ಎಂದವರೂ ಇದ್ದರು. ಬೇಯಿಸಿದ ಪಲ್ಯದಿಂದ ಏನೂ ಆಗುವುದಿಲ್ಲ. ಅದಕ್ಕಿಂತ, ಆರೋಗ್ಯಕ್ಕೆ ಒಳ್ಳೆಯದೆಂದು ಮನೆಗೆ ಬಂದಿದ್ದ ಸೈಂಧವ ಲವಣದ ಡಬ್ಬಿಯನ್ನು ಹಿಂದೆ ಸರಿಸಿ ಅಯೋಡಿನ್ ಉಪ್ಪು ತಂದದ್ದೇ ಉಪಯೋಗಕ್ಕೆ ಬಂತು. ಗರ್ಭಿಣಿಗೆ ದಿನಕ್ಕೆ 250 ಮೈಕ್ರೊಗ್ರಾಂ ಅಯೋಡಿನ್ ಬೇಕು.

ಹೆರಿಗೆಯ ಮರುದಿನ ಮಕ್ಕಳ ಡಾಕ್ಟರು ಮಗುವಿಗೂ ಥೈರಾಯ್ಡ್ ಪರೀಕ್ಷೆ ಮಾಡೋಣ ಎಂದಾಗ ಅಮ್ಮ, "ಇವಳದು ಕಂಟ್ರೋಲಿಗೆ ಬಂದಿದೆಯಲ್ಲ ಸಾರ್, ಕೂಸಿಗೆ ಯಾಕೆ ಸೂಜಿ?" ಎಂದು ಕೇಳಿದರು. ನಾವೆಲ್ಲ ಎರಡು ಖಾತೆಗಳನ್ನು ಒಂದೇ ಪುಸ್ತಕದಲ್ಲಿ ಬರೆದುಕೊಂಡು ಕೂತಿದ್ದೆವು. ತಾಯಿಯ ಆ್ಯಂಟಿಬಾಡಿ ದಾಟಿಹೋಗಿ ಮಗುವಿನ ಗ್ರಂಥಿಯನ್ನು ಕೆಲಕಾಲ ತಡೆಯುವುದು ಉಂಟು, ಆದರೆ ಅದು ಅಪರೂಪ. ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆಯಲ್ಲಿ ಬಹುಪಾಲು ಮಗುವಿನ ಗ್ರಂಥಿಯೇ ಬೆಳೆದಿರುವುದಿಲ್ಲ, ಇಲ್ಲವೇ ಜಾಗ ತಪ್ಪಿರುತ್ತದೆ. ನಮ್ಮ ದೇಶದಲ್ಲಿ ಅದು ಸಾವಿರ ಮಕ್ಕಳಿಗೊಂದರ ಆಸುಪಾಸು. ಥೈರಾಯ್ಡ್ ತೊಂದರೆಯೇ ಇಲ್ಲದ ತಾಯಿಯ ಮಗುವಿಗೂ ಬರಬಹುದು. ಹುಟ್ಟಿದಾಗ ನೋಡಿದರೆ ಗೊತ್ತಾಗುವುದೂ ಕಷ್ಟ. ಹೆಚ್ಚು ನಿದ್ದೆ, ಮಲಬದ್ಧತೆ, ಬೇಗ ಇಳಿಯದ ಕಾಮಾಲೆ, ಒಡಕು ದನಿಯ ಅಳು ಇವೆಲ್ಲ ನಿಧಾನವಾಗಿ ಕಾಣುತ್ತವೆ. ನಮ್ಮ ಕಡೆ ಅಳದೆ ಮಲಗುವ ಕೂಸನ್ನು "ಎಷ್ಟು ಸಾಧು" ಎಂದು ಹೊಗಳುವುದು ಬೇರೆ. ಎರಡು ವಾರದೊಳಗೆ ಗೊತ್ತಾಗಿ, ಮಾತ್ರೆ ಪುಡಿಮಾಡಿ ಎದೆಹಾಲಿನಲ್ಲಿ ಕೊಡಲು ಶುರು ಮಾಡಿದರೆ ಬಹುತೇಕ ಮಕ್ಕಳು ಎಲ್ಲರಂತೆಯೇ ಬೆಳೆಯುತ್ತಾರೆ. ತಡವಾದರೆ ಬುದ್ಧಿಗಾಗುವ ನಷ್ಟ ಪೂರ್ತಿ ತುಂಬುವುದಿಲ್ಲ. ನಾದಿನಿ ಹೇಳಿದ ಭಯಕ್ಕೆ ನಿಜವಾದ ಜಾಗ ಇದು.

ಹುಟ್ಟಿದ ಕೂಡಲೇ ಮಗುವಿನ ಟಿಎಸ್‌ಎಚ್ 60–80ರವರೆಗೂ ಜಿಗಿದು ಆಮೇಲೆ ಇಳಿಯುತ್ತದೆ. ಅದಕ್ಕೇ ಡಿಸ್ಚಾರ್ಜ್ ಅವಸರ ಬೇಡ, 48 ಗಂಟೆ ಕಳೆಯಲಿ ಎಂದರು. ಮೂರನೇ ದಿನ ನರ್ಸ್ ಬಿಸಿನೀರಿನ ಬಟ್ಟೆಯಿಂದ ಹಿಮ್ಮಡಿ ಬೆಚ್ಚಗೆ ಮಾಡಿ, ಚುಚ್ಚಿ, ದಪ್ಪ ಕಾಗದದ ಮೇಲಿನ ವೃತ್ತಗಳನ್ನು ಒಂದೊಂದೇ ಹನಿಯಿಂದ ತುಂಬಿದಳು. ರಿಪೋರ್ಟ್ ಸರಿಯಾಗಿ ಬಂತು. ಈ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲಿ ತಾನಾಗಿ ನಡೆಯುವುದಿಲ್ಲ. ಈಗ ಪರಿಚಯದ ಬಸುರಿಯರು ಥೈರಾಯ್ಡ್ ಎಂದ ಕೂಡಲೇ ನಾನು ಮೊದಲು ಹೇಳುವುದು ಇದನ್ನೇ: ಕೇಳಿ ಮಾಡಿಸಿ.

ಹೆರಿಗೆಯಾದ ಮೇಲೆ ನನ್ನ ಮಾತ್ರೆ ನಿಲ್ಲಿಸಿದರು, ಆರು ವಾರಕ್ಕೆ ಮತ್ತೆ ಪರೀಕ್ಷೆ. ಆ್ಯಂಟಿಬಾಡಿ ಇರುವುದರಿಂದ ಆಗಾಗ ನೋಡಿಸುತ್ತಿರಬೇಕು, ಮುಂದೆ ಮತ್ತೆ ಬಸುರಾದರೆ ಮುಟ್ಟು ತಪ್ಪಿದ ವಾರದಲ್ಲೇ ಲ್ಯಾಬಿಗೆ ಹೋಗಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಮನೆಯ ಊಟ ಮತ್ತೆ ಒಂಬತ್ತು ಗಂಟೆಗೆ ಹೋಗಿದೆ.