ತಂತ್ರಾಂಶದ ಕೂಡುಪರೀಕ್ಷೆ

ಬಹುಕಾಲ ಬಳಕೆಯಾದ ಒಂದು ಶುಷ್ಕ ವಿದ್ಯುತ್ಕೋಶವನ್ನು ಉತ್ತಮವಾದ ವೋಲ್ಟ್‌ಮೀಟರಿಗೆ ಜೋಡಿಸಿದರೆ ಮುಳ್ಳು ಸುಮಾರು ೧.೪ ವೋಲ್ಟನ್ನು ತೋರಿಸಬಹುದು. ಟಾರ್ಚಿನ ಬಲ್ಬೊಂದು ಬೇರೆ ಹೊಸ ಕೋಶದಿಂದ ಚೆನ್ನಾಗಿ ಬೆಳಗಬಹುದು. ಆದರೆ ಆ ಹಳೆಯ ಕೋಶಕ್ಕೆ ಈ ಬಲ್ಬನ್ನು ಸೇರಿಸಿದಾಗ ತಂತು ಮಂಕಾಗಿ ಕೆಂಪೇರಿ ನಿಲ್ಲುವುದುಂಟು. ಇದಕ್ಕೆ ಕಾರಣ ಕೋಶದ ಆಂತರಿಕ ರೋಧ. ವೋಲ್ಟ್‌ಮೀಟರಿನ ಮೂಲಕ ಹರಿಯುವ ಪ್ರವಾಹ ಅತ್ಯಲ್ಪವಾದುದರಿಂದ ರೋಧದ ಪರಿಣಾಮ ಆಗ ಕಾಣಲಿಲ್ಲ. ಬಲ್ಬು ಹೆಚ್ಚು ಪ್ರವಾಹವನ್ನು ಬೇಡಿದಾಗ ಕಂಡಿತು. ಬಿಡಿಯಾಗಿ ನೋಡಿದಾಗ ಅಡಗಿರುವ ದೋಷವು ಕೂಡಿದಾಗ ಮಾತ್ರ ಹೊರಬೀಳುತ್ತದೆಂಬ ಈ ಮಾತು ಗಣಕಯಂತ್ರಗಳನ್ನು ನಡೆಸುವ ತಂತ್ರಾಂಶಕ್ಕೂ ಅನ್ವಯಿಸುತ್ತದೆ.

ಇಂದಿನ ತಂತ್ರಾಂಶವು ಅನೇಕ ಸಣ್ಣ ಘಟಕಗಳ ಸಮುದಾಯ. ಅವುಗಳಲ್ಲಿ ಕೆಲವು ವೆಬ್ ಸರ್ವರಿನೊಡನೆ ಕೂಡಿ ಕೆಲಸಮಾಡತಕ್ಕವು. ದೂರದಿಂದ ಬಂದ ಕೋರಿಕೆಯನ್ನು ಸ್ವೀಕರಿಸಿ, ಬೇಕಾದ ಪುಟವನ್ನು ಘಟಕದಿಂದ ಪಡೆದು, ಕೇಳಿದವರಿಗೆ ಕಳುಹಿಸುವ ಕಾರ್ಯಕ್ರಮವೇ ವೆಬ್ ಸರ್ವರು. ಘಟಕವನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದಕ್ಕೆ ‘ಯೂನಿಟ್ ಟೆಸ್ಟ್’ ಎಂದು ಹೆಸರು. ನಾವು ಅದನ್ನು ಬಿಡಿಪರೀಕ್ಷೆ ಎನ್ನೋಣ. ನಿಜವಾದ ಸರ್ವರಿನೊಡನೆ ಜೋಡಿಸಿ ಪರೀಕ್ಷಿಸುವುದು ‘ಇಂಟಿಗ್ರೇಷನ್ ಟೆಸ್ಟ್’, ಇದು ಕೂಡುಪರೀಕ್ಷೆ.

ಎರಡಕ್ಕೂ ಇರುವ ಭೇದವನ್ನು ಒಂದು ದೃಷ್ಟಾಂತದಿಂದ ತಿಳಿಯೋಣ. ‘ಕನ್ನಡ’ ಎಂಬ ಒಂದೇ ಪದವನ್ನು ಕಳುಹಿಸುವುದು ಒಂದು ಘಟಕದ ಕೆಲಸವೆಂದಿಟ್ಟುಕೊಳ್ಳಿ. ಕಣ್ಣಿಗೆ ಅದರಲ್ಲಿ ಕಾಣುವುದು ಮೂರು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಒತ್ತಕ್ಷರವು ಬಿಡಿಸಲ್ಪಡುವುದರಿಂದ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳಾಗುತ್ತವೆ. ತಂತಿಯ ಮೇಲೆ ಸಾಗುವಾಗ, ಯುಟಿಎಫ್-೮ ಕ್ರಮದಲ್ಲಿ, ಪ್ರತಿಯೊಂದು ಕನ್ನಡ ಸಂಕೇತಕ್ಕೂ ೩ ಬೈಟುಗಳಂತೆ ಒಟ್ಟು ೧೫ ಬೈಟುಗಳು ಬೇಕಾಗುತ್ತವೆ. ಪುಟವನ್ನು ಕಳುಹಿಸುವ ಮೊದಲು ಅದರ ಉದ್ದವನ್ನು ಸೂಚಿಸುವುದುಂಟು. ಎಚ್‌ಟಿಟಿಪಿ ನಿಯಮದ ಪ್ರಕಾರ ಆ ಉದ್ದವನ್ನು ಬೈಟುಗಳಲ್ಲಿ ಹೇಳಬೇಕು. ಆದರೆ ಪೈಥಾನ್ ಭಾಷೆಯಲ್ಲಿ ಈ ಪದದ ಉದ್ದವೆಷ್ಟೆಂದು ಕೇಳಿದರೆ ಸಂಕೇತಗಳನ್ನೆಣಿಸಿ ೫ ಎಂಬ ಉತ್ತರ ಬರುತ್ತದೆ. ಘಟಕವನ್ನು ಬರೆದವರು ಆ ಐದನ್ನೇ ಉದ್ದವೆಂದು ಸೂಚಿಸಿದರೆ, ಓದುವ ಬ್ರೌಸರು ಐದೇ ಬೈಟುಗಳನ್ನು ತೆಗೆದುಕೊಂಡು ನಿಲ್ಲುತ್ತದೆ. ‘ಕ’ ಮಾತ್ರ ಪೂರ್ಣವಾಗಿ ಬಂದು, ಮುಂದಿನ ಸಂಕೇತದ ಎರಡು ಬೈಟುಗಳು ತುಂಡಾಗಿ ಉಳಿಯುತ್ತವೆ.

ಬಿಡಿಪರೀಕ್ಷೆಯಲ್ಲಿ ಈ ತಪ್ಪು ಏಕೆ ಸಿಕ್ಕುವುದಿಲ್ಲ? ಅಲ್ಲಿ ಸರ್ವರಿನ ಸ್ಥಾನದಲ್ಲಿ ಒಂದು ಹುಸಿ ಸರ್ವರನ್ನು ನಿಲ್ಲಿಸುವುದು ವಾಡಿಕೆ. ಘಟಕವು ಕೊಟ್ಟ ಪದವನ್ನು ಅದು ಇದ್ದಂತೆಯೇ ಹಿಂದಿರುಗಿಸುತ್ತದೆ. ಬೈಟುಗಳ ಪ್ರಶ್ನೆಯೇ ಏಳುವುದಿಲ್ಲ. ಮೇಲಾಗಿ, ಘಟಕವನ್ನು ಬರೆದ ಕೈಯೇ ಹುಸಿ ಸರ್ವರನ್ನೂ ಬರೆದಿದ್ದರೆ ಒಂದರ ತಪ್ಪು ತಿಳಿವಳಿಕೆ ಇನ್ನೊಂದರಲ್ಲಿಯೂ ನೆಲಸಿರುತ್ತದೆ.

ಇಂತಹ ಮಾನಭೇದದಿಂದ ಎಷ್ಟು ದೊಡ್ಡ ಹಾನಿಯಾಗಬಹುದೆಂಬುದಕ್ಕೆ ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯೇ ನಿದರ್ಶನ. ಅದರ ಸಣ್ಣ ಪ್ರಚೋದಕಗಳ ಆವೇಗವನ್ನು, ಅಂದರೆ ಬಲ ಮತ್ತು ಕಾಲಗಳ ಗುಣಲಬ್ಧವನ್ನು, ಭೂಮಿಯ ಮೇಲಿನ ಒಂದು ಕಾರ್ಯಕ್ರಮವು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟಿತು. ಪಥವನ್ನು ಗಣಿಸುವ ಮತ್ತೊಂದು ಕಾರ್ಯಕ್ರಮವು ಅದನ್ನು ನ್ಯೂಟನ್-ಸೆಕೆಂಡುಗಳೆಂದು ಭಾವಿಸಿತು. ಒಂದು ಪೌಂಡು ಬಲವೆಂದರೆ ಸುಮಾರು ೪.೪೫ ನ್ಯೂಟನ್. ಮಂಗಳನಿಂದ ಸುಮಾರು ೨೨೬ ಕಿಲೋಮೀಟರು ಎತ್ತರದಲ್ಲಿ ಸಾಗಬೇಕಾಗಿದ್ದ ನೌಕೆಯು ೧೯೯೯ರ ಸೆಪ್ಟೆಂಬರ್ ೨೩ರಂದು ಸುಮಾರು ೫೭ ಕಿಲೋಮೀಟರಿನಷ್ಟು ಕೆಳಕ್ಕಿಳಿದು ನಷ್ಟವಾಯಿತು. ಒಂದರ ಫಲವನ್ನು ಇನ್ನೊಂದಕ್ಕೆ ಉಣಿಸಿ, ತಿಳಿದ ಉತ್ತರದೊಡನೆ ತಾಳೆ ನೋಡಿದ್ದರೆ ಈ ಭೇದವು ಭೂಮಿಯ ಮೇಲೆಯೇ ಹೊರಬೀಳಬಹುದಾಗಿತ್ತು.

ಕೂಡುಪರೀಕ್ಷೆಯನ್ನು ಬರೆದಿಟ್ಟರೆ ಸಾಲದು. ಅದು ತಪ್ಪದೆ ನಡೆಯಬೇಕು. ಬಿಡುವಾದಾಗ ಮಾಡೋಣವೆಂದು ಬಿಟ್ಟ ಪರೀಕ್ಷೆಯು ಅವಸರದ ದಿನ ಮರೆತುಹೋಗುತ್ತದೆ. ಆದುದರಿಂದ ಅದನ್ನು ‘ಬಿಲ್ಡ್’ ಎಂಬ ಕಟ್ಟುವ ಕ್ರಮದಲ್ಲಿಯೇ ಸೇರಿಸಬೇಕು. ಮೂಲಬರಹವನ್ನು ಬಳಕೆಗೆ ಸಿದ್ಧವಾದ ಕಟ್ಟನ್ನಾಗಿ ಮಾಡುವ ಹಂತಗಳ ಸಾಲೇ ಬಿಲ್ಡ್. ೧೯೭೬ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ರಚಿಸಿದ ‘ಮೇಕ್’ ಈ ಕೆಲಸಕ್ಕೆ ಇಂದಿಗೂ ಬಳಕೆಯಲ್ಲಿರುವ ಸಾಧನ. ಪ್ರತಿ ಹಂತವೂ ಮುಗಿಯುವಾಗ ಒಂದು ಅಂಕಿಯನ್ನು ಹಿಂದಿರುಗಿಸುತ್ತದೆ: ಸೊನ್ನೆಯೆಂದರೆ ಸಫಲ, ಬೇರೇನಾದರೂ ವಿಫಲ. ವಿಫಲವಾದರೆ ಮೇಕ್ ಅಲ್ಲಿಯೇ ನಿಲ್ಲುತ್ತದೆ. ಕೂಡುಪರೀಕ್ಷೆಯನ್ನು ಕಟ್ಟು ಸಿದ್ಧವಾಗುವ ಹಂತಕ್ಕಿಂತ ಮೊದಲು ಇಟ್ಟರೆ ದೋಷವುಳ್ಳ ಘಟಕವು ಹೊರಗೆ ಹೋಗದಂತೆ ತಡೆದಂತಾಯಿತು.

ಆ ಹಂತದಲ್ಲಿ ನಡೆಯತಕ್ಕ ಕೆಲಸಗಳು ಹೀಗಿವೆ. ಮೊದಲು, ಬಿಲ್ಡ್ ನಡೆಯುತ್ತಿರುವ ಗಣಕಯಂತ್ರದಲ್ಲಿಯೇ, ೧೨೭.೦.೦.೧ ಎಂಬ ಸ್ವವಿಳಾಸದಲ್ಲಿ, ಸರ್ವರನ್ನು ಪ್ರಾರಂಭಿಸಬೇಕು. ಗೊತ್ತಾದ ಪೋರ್ಟು ಸಂಖ್ಯೆಯನ್ನು ಬಳಸಿದರೆ ಅದು ಬೇರೊಂದು ಕಾರ್ಯಕ್ರಮದ ವಶದಲ್ಲಿರಬಹುದು; ಸೊನ್ನೆಯನ್ನು ಸೂಚಿಸಿದರೆ ಯಂತ್ರವೇ ಬಿಡುವಾಗಿರುವ ಸಂಖ್ಯೆಯೊಂದನ್ನು ಕೊಡುತ್ತದೆ. ಎರಡನೆಯದಾಗಿ, ಸರ್ವರು ಸಿದ್ಧವಾಗುವವರೆಗೆ ಕಾಯಬೇಕು. ಇಷ್ಟೇ ಸೆಕೆಂಡು ಎಂದು ಸುಮ್ಮನೆ ಕಾಯುವುದಕ್ಕಿಂತ, ಒಂದು ಮಿತಿಯೊಳಗೆ ಮತ್ತೆ ಮತ್ತೆ ವಿಚಾರಿಸುವುದು ಲೇಸು. ಮೂರನೆಯದಾಗಿ, ಕೋರಿಕೆಯನ್ನು ಕಳುಹಿಸಿ ಉತ್ತರವನ್ನು ಪರಿಶೀಲಿಸಬೇಕು: ಸ್ಥಿತಿಸಂಖ್ಯೆ ೨೦೦ ಆಗಿದೆಯೆ, ಉದ್ದವು ೧೫ ಆಗಿದೆಯೆ, ಬಂದ ಬೈಟುಗಳು ನಿರೀಕ್ಷಿಸಿದವೇ ಆಗಿವೆಯೆ, ಇಲ್ಲದ ಪುಟವನ್ನು ಕೇಳಿದಾಗ ೪೦೪ ಬರುತ್ತದೆಯೆ? ಕೊನೆಯದಾಗಿ, ಪರೀಕ್ಷೆ ಸಫಲವಾಗಲಿ ವಿಫಲವಾಗಲಿ, ಸರ್ವರನ್ನು ನಿಲ್ಲಿಸಲೇಬೇಕು.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕ. ಪರೀಕ್ಷೆಗೆ ರೋಮನ್ ಲಿಪಿಯ ಪದವನ್ನಾರಿಸಿದರೆ ಒಂದಕ್ಷರಕ್ಕೆ ಒಂದೇ ಬೈಟು ಇರುವುದರಿಂದ ಮೇಲೆ ಹೇಳಿದ ತಪ್ಪು ಅಡಗಿಯೇ ಉಳಿಯುತ್ತದೆ. ಎರಡನೆಯದು, ಕೆಲವು ಸರ್ವರುಗಳು ಉದ್ದವನ್ನು ತಾವೇ ಎಣಿಸಿ ತಿದ್ದುವುದುಂಟು. ಆದುದರಿಂದ ಬಳಕೆಯಲ್ಲಿ ಯಾವ ಸರ್ವರು ಇರುವುದೋ ಅದರೊಡನೆಯೇ ಪರೀಕ್ಷಿಸಬೇಕು. ಮೂರನೆಯದು, ಸರ್ವರು ಸಿಗದೆ ಪರೀಕ್ಷೆ ನಡೆಯದಿದ್ದರೆ ‘ನಡೆಯಲಿಲ್ಲ’ ಎಂದೇ ವರದಿಯಾಗಬೇಕು. ಮಾಡದ ಅಳತೆಯನ್ನು ಸರಿಯಾದ ಅಳತೆಯೆಂದು ಪುಸ್ತಕದಲ್ಲಿ ಬರೆದುಕೊಳ್ಳುವುದು ಪ್ರಯೋಗಶಾಲೆಯಲ್ಲಿ ಎಷ್ಟು ಅನುಚಿತವೋ ಇಲ್ಲಿಯೂ ಅಷ್ಟೇ ಅನುಚಿತ.

ಕೂಡುಪರೀಕ್ಷೆಯು ನಿಧಾನವಾದುದು, ಆದುದರಿಂದ ಬಿಡಿಪರೀಕ್ಷೆಯನ್ನು ಕೈಬಿಡಲಾಗದು. ಘಟಕದ ಒಳಗಿನ ಲೆಕ್ಕಾಚಾರಗಳಿಗೆ ನೂರಾರು ಬಿಡಿಪರೀಕ್ಷೆಗಳಿರಲಿ; ಎರಡು ಕಾರ್ಯಕ್ರಮಗಳು ಸಂಧಿಸುವ ಎಡೆಗಳಲ್ಲಿ ಕೆಲವೇ ಕೂಡುಪರೀಕ್ಷೆಗಳಿರಲಿ.

ಪೈಥಾನ್ ಬಲ್ಲ ವಿದ್ಯಾರ್ಥಿಗಳು ಅದರೊಡನೆಯೇ ಬರುವ ಸಣ್ಣ ಸರ್ವರನ್ನು ಬಳಸಿ ಈ ಪ್ರಯೋಗವನ್ನು ಸ್ವತಃ ಮಾಡಬಹುದು. ‘ಕನ್ನಡ’ ಪದಕ್ಕೆ ಮೊದಲು ೫, ಅನಂತರ ೧೫ ಎಂದು ಉದ್ದವನ್ನು ಸೂಚಿಸಿ, ಎರಡು ಸಲವೂ ಬಂದ ಬೈಟುಗಳನ್ನು ಎಣಿಸಿರಿ. ಬಳಿಕ ‘ವಿಜ್ಞಾನ’ ಎಂಬ ಪದಕ್ಕೆ ಎಷ್ಟು ಬೈಟುಗಳು ಬೇಕೆಂದು ಕಾಗದದ ಮೇಲೆ ಗಣಿಸಿ, ಯಂತ್ರದ ಉತ್ತರದೊಡನೆ ತಾಳೆ ನೋಡಿರಿ.