ವಾಸಿಯಾಗದ ರೋಗಿಯ ಆರೈಕೆ



ದೊಡ್ಡ ಆಸ್ಪತ್ರೆಗೆ ಹೋದ ರೋಗಿಯು ಕೆಲವು ವಾರಗಳ ತರುವಾಯ ಮೊದಲಿಗಿಂತಲೂ ಬಡಕಲಾಗಿ ಹಿಂದಿರುಗಿ ಬರುವದನ್ನು ನಾವು ನಮ್ಮ ಹಳ್ಳಿಗಳಲ್ಲಿ ಅನೇಕ ಸಾರಿ ಕಂಡಿದ್ದೇವೆ. ಏನಾಯಿತೆಂದು ವಿಚಾರಿಸಿದರೆ, "ಇನ್ನು ಮಾಡತಕ್ಕದ್ದೇನೂ ಇಲ್ಲ, ಮನೆಗೆ ಕರಕೊಂಡು ಹೋಗಿರಿ ಅಂದರು" ಎಂದು ಮನೆಯವರು ಕಣ್ಣೀರು ಸುರಿಸುತ್ತಾರೆ. ಆ ಮೇಲೆ ಹೊರಸಿನ ಮೇಲಿನ ನರಳಾಟವು ರಾತ್ರಿಯೆಲ್ಲಾ ಕೇಳಬರುತ್ತದೆ. ನೋಡುವದಕ್ಕೆ ಬರುವವರು ದಿನೇ ದಿನೇ ಕಡಿಮೆಯಾಗುತ್ತಾರೆ.

ರೋಗವನ್ನು ವಾಸಿಮಾಡುವ ಉಪಾಯವಿಲ್ಲವೆಂಬದು ಒಂದು ಮಾತು. ರೋಗಿಗೋಸ್ಕರ ಮಾಡತಕ್ಕದ್ದೇನೂ ಇಲ್ಲವೆಂಬದು ಬೇರೆ ಮಾತು. ಮೊದಲನೆಯದು ಕೆಲವು ಸಾರಿ ನಿಜವಾಗಿರುವದು. ಎರಡನೆಯದು ಎಂದಿಗೂ ನಿಜವಲ್ಲ. ಈ ಭೇದವನ್ನು ಕಲಿಯುವದೇ ಈ ತಿಂಗಳಿನ ಪಾಠವಾಗಿದೆ.

1. ಈ ಕೆಲಸವು ಹುಟ್ಟಿದ ವಿಧ

ಇಂಗ್ಲೆಂಡಿನಲ್ಲಿ 1918ರಲ್ಲಿ ಹುಟ್ಟಿದ ಸಿಸಿಲಿ ಸಾಂಡರ್ಸ್ ಅಮ್ಮನವರು ಮೊದಲು ದಾದಿಯ ಕೆಲಸವನ್ನು ಕಲಿತರು. ತರುವಾಯ ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖಗಳನ್ನು ವಿಚಾರಿಸುವ ಉದ್ಯೋಗದಲ್ಲಿದ್ದರು. ಆಗ ಡೇವಿಡ್ ಟಾಸ್ಮಾ ಎಂಬ ಪೋಲೆಂಡ್ ದೇಶದ ಯೆಹೂದ್ಯನು ಲಂಡನಿನ ಆಸ್ಪತ್ರೆಯೊಂದರಲ್ಲಿ ಅರ್ಬುದರೋಗದಿಂದ ಸಾಯುತ್ತಿದ್ದನು. ಅಮ್ಮನವರು ಅವನ ಬಳಿಯಲ್ಲಿ ಕೂತು, ಇಂಥವರಿಗಾಗಿ ಒಂದು ಮನೆಯಿದ್ದರೆ ಎಷ್ಟು ಒಳ್ಳೇದೆಂದು ಮಾತಾಡುತ್ತಿದ್ದರು. ಅವನು 1948ರಲ್ಲಿ ತೀರಿಹೋಗುವಾಗ ಅವರಿಗೆ 500 ಪೌಂಡುಗಳನ್ನು ಬಿಟ್ಟು, ನಿಮ್ಮ ಆ ಮನೆಯಲ್ಲಿ ನಾನೊಂದು ಕಿಟಕಿಯಾಗಿರುವೆನೆಂದು ಹೇಳಿದನು.

ವೈದ್ಯರೇ ಸಾಯುವವರನ್ನು ಕೈಬಿಡುತ್ತಾರೆ, ಆದದರಿಂದ ನೀವೇ ವೈದ್ಯವಿದ್ಯೆಯನ್ನು ಕಲಿಯಿರಿ ಎಂದು ಒಬ್ಬ ಶಸ್ತ್ರವೈದ್ಯರು ಹೇಳಿದ ಮೇರೆಗೆ ಅಮ್ಮನವರು 1957ರಲ್ಲಿ ವೈದ್ಯರಾದರು. 1967ರಲ್ಲಿ ಲಂಡನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಗೃಹವು ತೆರೆಯಲ್ಪಟ್ಟಿತು. ಆ ಬಡವನ ಕಿಟಕಿಯು ಅದರಲ್ಲಿ ಇದೆ. ಶರೀರದ ಬೇನೆ, ಮನಸ್ಸಿನ ಭಯ, ಕುಟುಂಬದ ಚಿಂತೆ, ಆತ್ಮದ ಕಳವಳ ಈ ನಾಲ್ಕೂ ಸೇರಿ ಒಂದೇ ನೋವಾಗಿವೆ ಎಂಬದೇ ಅಮ್ಮನವರ ಮುಖ್ಯ ಉಪದೇಶವಾಗಿತ್ತು. ಅವರು 2005ರಲ್ಲಿ ಅದೇ ಮನೆಯಲ್ಲಿ ತೀರಿಕೊಂಡರು.

ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಆಶ್ರಮವು ಆರಂಭವಾಯಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲರೂ ಅವರ ಜೊತೆಗಾರರೂ ಸಂಘವೊಂದನ್ನು ಕಟ್ಟಿದರು. ಅಲ್ಲಿಂದ ಕೇರಳದಲ್ಲಿ ನೆರೆಹೊರೆಯವರೇ ತರಬೇತಿ ಹೊಂದಿ ರೋಗಿಗಳ ಮನೆಗಳಿಗೆ ಹೋಗುವ ಪದ್ಧತಿಯು ಹಬ್ಬಿತು. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯವೆಂಬ ಮನೆಯು ಅರ್ಬುದರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ.

2. ನೋವಿನ ಔಷಧದ ವಿಷಯ

ಕಠಿಣವಾದ ನೋವಿಗೆ ಅಫೀಮಿನಿಂದ ತೆಗೆದ ಮಾರ್ಫಿನ್ ಎಂಬ ಔಷಧವನ್ನು ಕೊಡುತ್ತಾರೆ. ನಮ್ಮ ದೇಶದಲ್ಲಿ ಸರಕಾರದ ಅಪ್ಪಣೆಯಿಂದ ಅಫೀಮು ಬೆಳೆಯುತ್ತಿದ್ದರೂ 1985ರ ಕಾನೂನಿನ ಬಿಗಿಯಿಂದ ಈ ಔಷಧವು ರೋಗಿಗಳಿಗೆ ಸಿಕ್ಕುವದು ದುರ್ಲಭವಾಯಿತು. 2014ರಲ್ಲಿ ಆ ಕಾನೂನನ್ನು ತಿದ್ದಿ ಸುಲಭಮಾಡಿದ್ದಾರೆ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಬಂಧುವಾದ ಒಬ್ಬ ತಾಯಿಗೆ ವೈದ್ಯರು ಈ ಮಾತ್ರೆಗಳನ್ನು ಕೊಟ್ಟಿದ್ದರು. ಚಟ ಹಿಡಿದೀತೆಂದು ಹೆದರಿ, ನೋವು ಹೆಚ್ಚುವ ಕಡೆಯ ದಿವಸಗಳಿಗೆ ಇರಲೆಂದು ನಾವು ಅವುಗಳನ್ನು ಉಳಿಸಿ ಉಳಿಸಿ ಕೊಟ್ಟೆವು. ಆಕೆಯು ಸೆರಗನ್ನು ಕಚ್ಚಿಕೊಂಡು ಸಹಿಸಿದಳು. ಆಕೆಯನ್ನು ಮಣ್ಣುಮಾಡಿ ಬಂದ ಮೇಲೆ ನೋಡಿದರೆ ಡಬ್ಬಿಯು ಅರ್ಧ ತುಂಬಿಯೇ ಇತ್ತು. ಆ ಡಬ್ಬಿಯನ್ನು ನಾವು ಮರೆಯಲಾರೆವು.

ಆದದರಿಂದ ಇದನ್ನು ಚೆನ್ನಾಗಿ ತಿಳುಕೊಳ್ಳಿರಿ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಬಲವು ಸುಮಾರು 4 ತಾಸು ಮಾತ್ರ ಇರುವದು. ನೋವು ಎದ್ದ ಮೇಲೆ ಕೊಡುವದಲ್ಲ, ಏಳುವದಕ್ಕೆ ಮುಂಚೆ ಗಡಿಯಾರವನ್ನು ನೋಡಿ ಕೊಡಬೇಕು. ವೈದ್ಯರು ಹೇಳಿದ ಅಳತೆಯಲ್ಲಿ ನೋವಿಗಾಗಿ ತೆಗೆದುಕೊಂಡರೆ ಚಟ ಹಿಡಿಯುವದು ಅಪರೂಪ. ಅದು ಆಯುಷ್ಯವನ್ನೂ ಕಡಿಮೆಮಾಡುವದಿಲ್ಲ. ಮೊದಲಿನ ಕೆಲವು ದಿವಸ ತೂಕಡಿಕೆಯೂ ವಾಕರಿಕೆಯೂ ಇದ್ದು ಬಳಿಕ ತಗ್ಗುವವು. ಮಲಬದ್ಧತೆಯಾದರೋ ತಾನಾಗಿ ಹೋಗುವದಿಲ್ಲ; ಅದಕ್ಕೆ ಬೇರೆ ಔಷಧವನ್ನು ಮೊದಲಿನಿಂದಲೇ ಕೇಳಿ ಪಡೆಯಬೇಕು. ಅಳತೆಯನ್ನು ನಾವೇ ಹೆಚ್ಚಿಸಬಾರದು, ನಾವೇ ನಿಲ್ಲಿಸಲೂ ಬಾರದು.

ನೋವನ್ನು ಸಹಿಸುವದೇ ಭಕ್ತಿಯೆಂದು ಕೆಲವರು ಹೇಳುತ್ತಾರೆ. ಆದರೆ ನಮ್ಮ ಕರ್ತನು ರೋಗಸ್ಥರನ್ನು ಕಂಡಾಗ ಕನಿಕರಪಟ್ಟು ಮುಟ್ಟಿದನೇ ಹೊರತು, ಸಹಿಸಿಕೊಂಡಿರು ಎಂದು ಹೇಳಿ ದಾಟಿಹೋಗಲಿಲ್ಲ.

3. ಮನೆಯಲ್ಲಿ ಮಾಡತಕ್ಕವುಗಳು

ಅಲ್ಲಾಡಲಾರದೆ ಮಲಗಿದವನನ್ನು ಸುಮಾರು 2 ತಾಸಿಗೊಮ್ಮೆ ಮಗ್ಗುಲು ಬದಲಾಯಿಸಿದರೆ ಬೆನ್ನಿನಲ್ಲಿ ಹುಣ್ಣಾಗುವದನ್ನು ಬಹಳ ಮಟ್ಟಿಗೆ ತಪ್ಪಿಸಬಹುದು. ಬಾಯಿ ಒಣಗಿದರೆ ಒದ್ದೆಮಾಡಿದ ಶುಭ್ರವಾದ ಬಟ್ಟೆಯಿಂದ ತುಟಿ ನಾಲಿಗೆಗಳನ್ನು ಒರಸಬೇಕು. ಹುಣ್ಣು ದುರ್ವಾಸನೆ ಬೀರಿದರೆ ನಾಚಿಕೆಯಿಂದ ಬಾಗಿಲು ಮುಚ್ಚದೆ ವೈದ್ಯರಿಗೆ ತಿಳಿಸಿರಿ. ಅದನ್ನು ಕಡಿಮೆಮಾಡುವ ಔಷಧವಿದೆ.

ಕಡೆಯ ದಿವಸಗಳಲ್ಲಿ ಹಸಿವೆಯೂ ಬಾಯಾರಿಕೆಯೂ ತಾವಾಗಿ ತಗ್ಗುತ್ತವೆ. ಆಗ ಮನೆಯವರು, ಉಪವಾಸ ಕೆಡವಿ ಕೊಂದೆವೆಂಬ ಅಪವಾದ ಬಂದೀತೆಂದು ಗಂಜಿಯನ್ನು ಬಲವಂತವಾಗಿ ಹೊಯ್ಯುತ್ತಾರೆ. ನುಂಗಲಾರದವನಿಗೆ ಅದು ಶ್ವಾಸನಾಳಕ್ಕೆ ಇಳಿದು ಹಾನಿಮಾಡುವದು. ಅವನು ತಿನ್ನದೆ ಇರುವದರಿಂದ ಸಾಯುವದಿಲ್ಲ; ಸಾವು ಸಮೀಪಿಸಿದ್ದರಿಂದ ತಿನ್ನುವದಿಲ್ಲ. ಕೇಳಿದಾಗ ಒಂದೆರಡು ಗುಟುಕು ಕೊಟ್ಟರೆ ಸಾಕು.

4. ಸತ್ಯವನ್ನು ಹೇಳುವದು

ರೋಗಿಗೆ ತಿಳಿಯಬಾರದೆಂದು ಮನೆಯವರೂ, ಮನೆಯವರಿಗೆ ದುಃಖವಾಗಬಾರದೆಂದು ರೋಗಿಯೂ ನಟಿಸುತ್ತಾ, ಎಲ್ಲರೂ ಒಂಟಿಯಾಗಿ ಅಳುವದುಂಟು. ಸತ್ಯವನ್ನು ಒಮ್ಮೆಗೇ ತಲೆಯ ಮೇಲೆ ಹಾಕುವದು ಬೇಡ. "ನಿಮ್ಮ ಕಾಯಿಲೆಯ ವಿಷಯ ನಿಮಗೇನು ಅನಿಸುತ್ತದೆ?" ಎಂದು ಮೆಲ್ಲನೆ ಕೇಳಿ, ಅವರು ಎಷ್ಟು ತಿಳಿಯಲು ಬಯಸುತ್ತಾರೋ ಅಷ್ಟನ್ನು ಹೇಳಬೇಕು. ಹೊಲದ ಕಾಗದ, ಮಗಳ ಮದುವೆ, ಅಣ್ಣತಮ್ಮಂದಿರೊಂದಿಗೆ ಸಮಾಧಾನವಾಗುವದು ಇಂಥ ಕೆಲಸಗಳಿಗೆ ಅವರಿಗೆ ಸಮಯ ಬೇಕು. ಸುಳ್ಳು ಧೈರ್ಯವು ಆ ಸಮಯವನ್ನು ಕದ್ದುಬಿಡುವದು.

5. ಸಭೆಯವರ ಪಾಲು

ಆರೈಕೆಮಾಡುವ ಹೆಂಡತಿಯೋ ಸೊಸೆಯೋ ಅನೇಕ ರಾತ್ರಿ ನಿದ್ದೆ ಕಾಣದೆ ಇರುತ್ತಾಳೆ. ವಾರಕ್ಕೆ ಒಂದು ರಾತ್ರಿ ನಾವು ಹೋಗಿ ಕೂತು ಆಕೆಯನ್ನು ಮಲಗಿಸಿದರೆ ಅದು ದೊಡ್ಡ ಉಪಕಾರ. ಒಬ್ಬನು ಪಟ್ಟಣದಿಂದ ಔಷಧ ತರಲಿ. ಒಬ್ಬಳು ಒಂದು ಹೊತ್ತಿನ ರೊಟ್ಟಿ ಸುಟ್ಟು ಕೊಡಲಿ. ಒಬ್ಬನು ದನಗಳಿಗೆ ಮೇವು ಹಾಕಲಿ. ಪ್ರಾರ್ಥಿಸುವವರು ಚಿಕ್ಕದಾಗಿ ಪ್ರಾರ್ಥಿಸಿ, ಯಾವ ಪಾಪಕ್ಕೆ ಈ ರೋಗವೆಂದು ವಿಚಾರಿಸದೆ, ರೋಗಿಯ ಕೈ ಹಿಡಿದು ಸುಮ್ಮನೆ ಕೂತಿರಲಿ. ಮಣ್ಣಾದ ಮೇಲೆ ಜನರೆಲ್ಲಾ ಹೋದ ತರುವಾಯವೇ ಆ ಮನೆ ಬಹಳ ಬರಿದಾಗಿ ತೋರುವದು, ಆಗಲೂ ಹೋಗಬೇಕು.

ಪ್ರಿಯರೇ, ಇನ್ನು ಮುಂದೆ ನಮ್ಮ ಊರಿನಲ್ಲಿ ಯಾರಾದರೂ "ಮಾಡತಕ್ಕದ್ದೇನೂ ಇಲ್ಲ" ಎಂದು ಅಳುತ್ತಾ ಬಂದರೆ, ನಮ್ಮ ಕೆಲಸವು ಆಗಲೇ ಆರಂಭವಾಯಿತೆಂದು ತಿಳುಕೊಂಡು ಎದ್ದು ಅವರ ಮನೆಗೆ ಹೋಗೋಣ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನೋವಿನ ಔಷಧವನ್ನು ನೋವು ಏಳುವದಕ್ಕೆ ಮುಂಚೆ ಕೊಡಬೇಕಾದದ್ದು ಯಾಕೆ?
2. ಕಡೆಯ ದಿವಸಗಳಲ್ಲಿ ಬಲವಂತವಾಗಿ ಉಣಿಸುವದರಿಂದ ಯಾವ ಹಾನಿ?
3. ನಮ್ಮ ಊರಿನಲ್ಲಿ ಈಗ ಇಂಥ ರೋಗಿಯು ಯಾರ ಮನೆಯಲ್ಲಿದ್ದಾನೆ? ಈ ವಾರದಲ್ಲಿ ಅಲ್ಲಿಗೆ ಹೋಗುವವರು ಯಾರು?